ದಾಳದ ಲೆಕ್ಕವೂ ಪಾತ್ರದ ರಚನೆಯೂ

ಚೌಕಾಬಾರದಲ್ಲಿ ಕಾಯಿಗಳೆಲ್ಲ ಸಮಾನ. ಕವಡೆ ಬಿದ್ದಷ್ಟು ಮನೆ ನಡೆಯುತ್ತವೆ. ಪಾತ್ರಧಾರಣೆಯ ಆಟದಲ್ಲಾದರೋ ಕಾಯಿಯೇ ಒಬ್ಬ ವ್ಯಕ್ತಿ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದಲ್ಲಿ ಅವನ ಬಲ, ಬುದ್ಧಿ ಮೊದಲಾದ ಆರು ಗುಣಗಳನ್ನು, ಒಂದೊಂದಕ್ಕೂ ಮೂರು ದಾಳಗಳನ್ನೆಸೆದು ಗೊತ್ತುಮಾಡುತ್ತಿದ್ದರು.

ಹೊಸಬನ ಕೈಗೆ ಸಿದ್ಧಪಾತ್ರವನ್ನು ಕೊಟ್ಟುಬಿಡುವುದು ಸುಲಭ. ಸೂತ್ರವನ್ನು ಬಾಯಿಪಾಠ ಮಾಡಿಸುವುದೂ ಸುಲಭವೇ! ನಾವು ಇದನ್ನು ಒಪ್ಪಲಾರೆವು. ಮೊದಲು ಅವನು ಎಣಿಸಲಿ. ಮೂರು ದಾಳಗಳು 216 ಬಗೆಯಾಗಿ ಬೀಳಬಲ್ಲವು. ಅವುಗಳಲ್ಲಿ 18 ಬರುವುದು ಒಂದೇ ಬಗೆಯಲ್ಲಿ. 10 ಬರುವುದು 27 ಬಗೆಗಳಲ್ಲಿ, 11 ಸಹ ಅಷ್ಟೇ. ಆರು ಗುಣಗಳಲ್ಲಿಯೂ ಅಸಾಧಾರಣನಾದ ವೀರ ಏಕೆ ದುರ್ಲಭನೆಂಬುದು ಆಗ ತಾನಾಗಿಯೇ ತಿಳಿಯುತ್ತದೆ. ಬುದ್ಧಿ 15, ಬಲ 8 ಬಂದವನಿಗೆ ಕತ್ತಿ ಹಿಡಿಸುವುದೇಕೆ? ಮಾಂತ್ರಿಕನಾಗಲಿ. 2014ರ ಆವೃತ್ತಿಯ ನಿಯಮದಂತೆ ಬುದ್ಧಿ 15 ಇದ್ದರೆ ಇಪ್ಪತ್ತು ಮುಖದ ದಾಳದ ಅಂಕಕ್ಕೆ 2 ಕೂಡುತ್ತದೆ. ಸಾಮಾನ್ಯವಾಗಿ ನೂರು ಎಸೆತಗಳಲ್ಲಿ ಹತ್ತು ಗೆಲುವು ಹೆಚ್ಚಿದಂತೆ. ಬಲ 8 ಇದ್ದರೆ 1 ಕಳೆಯುತ್ತದೆ.

ಈ ಪಾಠಕ್ಕೆ ಚಿಕ್ಕನಾಯಕನಹಳ್ಳಿಯ ವಿದ್ಯಾರ್ಥಿ ಬೆಲೆಯುಳ್ಳ ಸಾಮಗ್ರಿಗಾಗಿ ಕಾಯಬೇಕಿಲ್ಲ. ಮನೆಯ ನಾಲ್ಕು ಕವಡೆ ಸಾಕು. ಆದರೆ ಕವಡೆಯ ಎರಡು ಮೈಗಳ ಆಕಾರ ಒಂದೇ ಅಲ್ಲವಾದುದರಿಂದ ಅದರ ಸಂಭವವನ್ನು ಕಾಗದದ ಮೇಲಷ್ಟೇ ಎಣಿಸಲಾಗದು. ಇನ್ನೂರು ಸಲವಾದರೂ ಎಸೆದು ಗುರುತು ಹಾಕಿಕೊಳ್ಳಬೇಕು. ಪಾತ್ರಕ್ಕೆ ಹೆಸರಿಡುವುದು ಆಮೇಲೆ.