ಎರಡು ಹಗ್ಗಗಳು

ಕಛೇರಿಗಳವರೂ ಕಾರಖಾನೆಗಳವರೂ ವರುಷಕ್ಕೊಮ್ಮೆ ತಮ್ಮ ನೌಕರರನ್ನು ಕಡಲತಡಿಗೋ ಮಲೆನಾಡಿಗೋ ಕರೆದೊಯ್ದು, ಒಂದೆರಡು ದಿನ ವಿಶ್ರಮಿಸಗೊಟ್ಟು, ಆ ನೆಪದಲ್ಲಿ ಸಹಕಾರದ ಪಾಠವನ್ನು ಕಲಿಸುವುದು ಈಗ ರೂಢಿಯಾಗಿದೆ. ಇದು ನೂತನ ಪದ್ಧತಿಯೆಂದು ಕೆಲವರು ಹೇಳುವರು. ಕಾರ್ತಿಕಮಾಸದಲ್ಲಿ ನೆಲ್ಲಿಯ ಮರದಡಿ ವನಭೋಜನ ಮಾಡುತ್ತಿದ್ದ ನಮ್ಮ ಹಿರಿಯರಿಗೆ ಇದು ತಿಳಿಯದ ಸಂಗತಿಯಲ್ಲ. ಆದರೆ ಅಂತಹ ವಿಹಾರದಿಂದ ಜನರು ಒಂದಾಗುವರೋ ಬೇರೆಯಾಗುವರೋ ಎಂಬುದು ಅಲ್ಲಿ ಕೈಗೆ ಯಾವ ಕೆಲಸ ಬರುವುದೆಂಬುದನ್ನು ಹೊಂದಿಕೊಂಡಿದೆ. ನನ್ನ ಅನುಭವವನ್ನೇ ಹೇಳುವೆನು.

2014ನೆಯ ಇಸವಿಯ ಡಿಸೆಂಬರಿನಲ್ಲಿ, ಒಂದು ಆದಿತ್ಯವಾರ, ನಮ್ಮ ಶಾಲೆಯ ಅಧ್ಯಾಪಕರೆಲ್ಲರೂ ತಣ್ಣೀರುಬಾವಿಗೆ ಹೋದೆವು. ಟಿಪ್ಪುಸುಲ್ತಾನನು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯ ಬಳಿ ದೋಣಿಯನ್ನೇರಿ ಫಲ್ಗುಣಿ ಹೊಳೆಯನ್ನು ದಾಟಿದರೆ ನಾಲಗೆಯಂತೆ ಚಾಚಿದ ಮರಳುನೆಲ. ಅದರ ಆಚೆಯ ಮಗ್ಗುಲಿಗೆ ಅರಬ್ಬೀ ಸಮುದ್ರ, ಗಾಳಿಮರಗಳ ನೆರಳು.

ಆಗ ನಾನು ಗಣಿತದ ಅಧ್ಯಾಪಕರೊಡನೆ ಮಾತು ಬಿಟ್ಟು ಎರಡು ವರುಷಗಳಾಗಿದ್ದುವು. ಕಾರಣ ಅಲ್ಪ. ವೇಳಾಪಟ್ಟಿಯನ್ನು ಬರೆಯುವವರು ಅವರು. ಸಂಸ್ಕೃತಕ್ಕೆ ಅವರು ಕೊಟ್ಟುದು ದಿನದ ಕೊನೆಯ ಅವಧಿ, ಹುಡುಗರ ಕಿವಿ ಗಂಟೆಯ ಕಡೆಗೂ ಹೊಟ್ಟೆ ಮನೆಯ ಕಡೆಗೂ ಇರುವ ಹೊತ್ತು. ಬೇಕೆಂದೇ ಹೀಗೆ ಮಾಡಿದರೆಂದು ನಿಶ್ಚಯಿಸಿದ ನಾನು ಅವರನ್ನು ಒಮ್ಮೆಯೂ ಕೇಳಲಿಲ್ಲ. ಬೇಡನ ಬಲೆಯನ್ನೇ ಹೊತ್ತು ಒಟ್ಟಾಗಿ ಹಾರಿದ ಪಾರಿವಾಳಗಳ ಕಥೆಯನ್ನು ಹಿತೋಪದೇಶದಿಂದ ವರುಷ ವರುಷವೂ ಪಾಠ ಹೇಳುತ್ತಿದ್ದವನು ನಾನೇ ಎಂಬುದನ್ನು ಇಲ್ಲಿ ಮುಚ್ಚಿಟ್ಟರೆ ವಾಚಕರಿಗೆ ವಂಚನೆಯಾದೀತು.

ಬೆಳಗ್ಗೆ ಹಗ್ಗಜಗ್ಗಾಟವಾಯಿತು. ಭಾಷೆಗಳ ಅಧ್ಯಾಪಕರು ಒಂದು ಪಕ್ಷ, ಗಣಿತ ವಿಜ್ಞಾನಗಳವರು ಇನ್ನೊಂದು ಪಕ್ಷ. ಏರ್ಪಡಿಸಿದವರ ಉದ್ದೇಶ ಐಕಮತ್ಯ; ಫಲ ವಿಪರೀತ. ನಾವು ಮರಳಿನಲ್ಲಿ ಮುಗ್ಗರಿಸಿ ಬಿದ್ದೆವು, ಅವರು ನಕ್ಕರು, ಆ ನಗೆಯಲ್ಲಿಯೂ ನನಗೆ ವೇಳಾಪಟ್ಟಿಯೇ ಕಂಡಿತು.

ಊಟ ತೀರಿದ ಬಳಿಕ ಮೊಗವೀರರು ಕೈರಂಪಣಿ ಎಳೆಯುವುದನ್ನು ನೋಡಲು ಹೋದೆವು. ನೋಡದವರಿಗಾಗಿ ಹೇಳುವೆನು: ಬಲೆಯ ಒಂದು ತುದಿಯ ಹಗ್ಗವನ್ನು ದಡದವರ ಕೈಗೆ ಕೊಟ್ಟು ದೋಣಿಯು ಕಡಲಿಗಿಳಿಯುವುದು, ಬಲೆಯನ್ನು ಬಿಡುತ್ತ ಅರ್ಧಚಂದ್ರಾಕಾರವಾಗಿ ಬಳಸಿ, ಇನ್ನೊಂದು ತುದಿಯನ್ನು ಅಷ್ಟು ದೂರದಲ್ಲಿ ದಡಕ್ಕೆ ಮುಟ್ಟಿಸುವುದು. ಬಳಿಕ ಎರಡು ಗುಂಪಿನವರು ಎರಡು ಹಗ್ಗಗಳನ್ನು ಎಳೆಯುತ್ತ ಮೆಲ್ಲಮೆಲ್ಲನೆ ಒಬ್ಬರತ್ತ ಒಬ್ಬರು ಸರಿಯುವರು. ಹಿಂದಿನ ದೊಡ್ಡ ರಂಪಣಿಗೆ ಹತ್ತಾರು ಮನೆಗಳ ಜನ ಬೇಕಾಗಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಅದು ಹಿಂದೆಗೆಯಿತು, ಈ ಕಿರಿಯ ಬಲೆ ಉಳಿಯಿತು.

ಅಂದು ಎಳೆಯುವ ಕೈಗಳು ಸಾಲದೆ ಅವರು ನಮ್ಮನ್ನು ಕರೆದರು. ನಾನು ಬಡಗಣ ಹಗ್ಗಕ್ಕೆ, ಗಣಿತದವರು ತೆಂಕಣ ಹಗ್ಗಕ್ಕೆ ಸೇರಿದೆವು. ಬೆಳಗಿನ ಸೋಲು ಇನ್ನೂ ಮೈಯಲ್ಲಿದ್ದುದರಿಂದ ನಮ್ಮ ಕಡೆಯವರು ಬಲವಾಗಿ ಎಳೆದೆವು. ಕೂಡಲೆ ಮುದುಕನೊಬ್ಬನು ತುಳುವಿನಲ್ಲಿ ಗದರಿದನು. ಒಂದು ಕಡೆ ಮುಂದಾದರೆ ಬಲೆ ಓರೆಯಾಗುವುದು, ಅಡಿಯ ಅಂಚು ನೆಲಬಿಟ್ಟು ಏಳುವುದು, ಮೀನು ಕೆಳಗಿನಿಂದ ಪಾರಾಗುವುದು. ಆಚೆಯವರು ಎಷ್ಟು ಎಳೆದರೆಂಬುದನ್ನು ನೋಡಿ ಎಳೆಯಬೇಕು! ಎರಡು ವರುಷ ಮುಖವೆತ್ತಿ ನೋಡದವರನ್ನು ನಾನು ಮುಕ್ಕಾಲು ಗಂಟೆ ಹೆಜ್ಜೆಹೆಜ್ಜೆಗೂ ನೋಡಬೇಕಾಯಿತು. ಅವರೂ ನೋಡುತ್ತಿದ್ದರು. ಹಗ್ಗದ ಬಾಲದಲ್ಲಿ ಹುಡುಗನೊಬ್ಬನು ಕುಳಿತು, ಬಂದಷ್ಟನ್ನು ಸುರುಳಿ ಸುತ್ತುತ್ತಿದ್ದನು. ಅವನನ್ನು ಯಾರೂ ಹೊಗಳಲಿಲ್ಲ, ಅವನಿಲ್ಲದಿದ್ದರೆ ನಮ್ಮೆಲ್ಲರ ಕಾಲಿಗೂ ತೊಡಕಾಗುತ್ತಿತ್ತು. ನಮ್ಮ ಶಾಲೆಯ ಜವಾನನ ನೆನಪಾಯಿತು. ಅವನನ್ನು ನಾವು ಕರೆದುಕೊಂಡು ಬಂದಿರಲಿಲ್ಲ.

ಬಲೆ ದಡ ಸೇರುವಾಗ ನಾವಿಬ್ಬರೂ ಒಂದು ಮಾರಿನ ಅಂತರದಲ್ಲಿದ್ದೆವು. ದೊರೆತುದು ಹೆಚ್ಚಲ್ಲ, ಒಂದೆರಡು ಬುಟ್ಟಿ ಬೂತಾಯಿ. ಎಳೆದವರೆಲ್ಲರಿಗೂ ಪಾಲು. ಶಾಕಾಹಾರಿಯಾದ ನಾನು ನನ್ನ ಪಾಲನ್ನು ಹಿಡಿದು ಏನು ಮಾಡುವುದೆಂದು ತಿಳಿಯದೆ ನಿಂತಿರಲು ಅವರು ಹತ್ತಿರ ಬಂದು, “ಪಂಡಿತರೇ, ಈ ಅವಧಿಯನ್ನು ನಾನು ತೆಗೆದುಕೊಳ್ಳಲೇ?” ಎಂದರು.

ಮುಂದಿನ ಮೇ ತಿಂಗಳಲ್ಲಿ ವೇಳಾಪಟ್ಟಿಯನ್ನು ಬರೆಯುವಾಗ ಅವರು ನನ್ನನ್ನು ಜೊತೆಗೆ ಕುಳ್ಳಿರಿಸಿಕೊಂಡರು. ಸಂಸ್ಕೃತ ತರಗತಿಯೂ ಕನ್ನಡ ತರಗತಿಯೂ ಏಕಕಾಲದಲ್ಲಿ ನಡೆಯಬೇಕು, ಅಷ್ಟು ಕೋಣೆಗಳು ಒಟ್ಟಿಗೆ ಬಿಡುವಾಗುವುದು ಸಾಯಂಕಾಲವೇ ಎಂಬುದನ್ನು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಮೂರು ದಿನ ಚೌಕಗಳನ್ನು ತುಂಬಿದೆವು, ಅಳಿಸಿದೆವು. ವಾರಕ್ಕೆ ಎರಡು ದಿನ ಸಂಸ್ಕೃತವು ಬೆಳಗಿಗೆ ಬಂದಿತು. ಉಳಿದ ದಿನಗಳಲ್ಲಿ, ನಾನು ನಿವೃತ್ತನಾಗುವವರೆಗೂ, ಕೊನೆಯ ಅವಧಿಯೇ. ಮರುವರುಷದ ವಿಹಾರಕ್ಕೆ ಜವಾನನೂ ಬಂದನು. ಹಗ್ಗಜಗ್ಗಾಟವು ಆಗಲೂ ಇದ್ದಿತು. ಅವನಿದ್ದ ಪಕ್ಷವೇ ಗೆದ್ದಿತು.