ಬಾರಿಸಿದ ಕೈಗೆ ಹೆಸರು ಬೇಡವೇ?

ಉಡುಪಿಯ ಬಸ್ ನಿಲ್ದಾಣದಲ್ಲಿ ದಿನಾ ಕೇಳುವ ಕೂಗು: ಮಣಿಪಾಲ, ಪರ್ಕಳ, ಹಿರಿಯಡಕ, ಕಾರ್ಕಳ! ಈ ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿದವರಿಗೂ ಹಿರಿಯಡಕ ಅಂದರೆ ಒಂದು ಸ್ಟಾಪು, ಅಷ್ಟೇ. ಆ ಊರಿನ ಗೋಪಾಲ ರಾಯರು ಯಾರೆಂದು ಪಕ್ಕದ ಸೀಟಿನವರನ್ನು ಒಮ್ಮೆ ಕೇಳಿ ನೋಡಿ. ಹತ್ತು ಜನರಲ್ಲಿ ಎಷ್ಟು ಮಂದಿ ಹೇಳಿಯಾರು?

ಹಿರಿಯಡಕ ಗೋಪಾಲ ರಾವ್ ಬಡಗುತಿಟ್ಟಿನ ಮದ್ದಳೆಗಾರರು. 1919ರಲ್ಲಿ ಹುಟ್ಟಿ, ನೂರು ದಾಟಿ, 2020ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮೇಳದೊಡನೆ ಊರೂರು ಸುತ್ತಿ ರಾತ್ರಿಯನ್ನು ಬೆಳಗು ಮಾಡಿದ ಕೈ ಅವರದು. ಮೊದಲು ಬಡಗಿನಲ್ಲಿ ಮದ್ದಳೆ ತಗ್ಗಿನ ಶ್ರುತಿಯಲ್ಲಿ ನುಡಿಯುತ್ತಿತ್ತು. ಭಾಗವತರ ಏರಿದ ಕಂಠಕ್ಕೆ ಹೊಂದುವ ಏರು ಮದ್ದಳೆಯನ್ನು ರೂಢಿಗೆ ತಂದವರು ಇವರೇ. ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಹುಡುಗರಿಗೆ ಕಲಿಸಿದರು. ಅಮೆರಿಕದಿಂದ ಬಂದ ಮಾರ್ತಾ ಆಸ್ಟನ್ ಕೂಡ ಇವರ ಶಿಷ್ಯೆ. ಆಕೆ ಬ್ರೂಸ್ ಕ್ರಿಸ್ಟಿಯವರ ಜೊತೆ ಯಕ್ಷಗಾನದ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕ 1977ರಲ್ಲಿ ಹೊರಬಂತು. ಕಡಲಾಚೆಗೆ ಮುಟ್ಟಿದ ಹೆಸರು ಕಾಪುವಿನ ಅಂಗಡಿ ಜಗಲಿಗೆ ಮುಟ್ಟಲಿಲ್ಲವೆಂದರೆ ತಪ್ಪು ಯಾರದು?

ಗೋಪಾಲ ರಾಯರಿಗಾದರೂ ಸನ್ಮಾನ, ಪ್ರಶಸ್ತಿ ಬಂತು. ಉಳಿದವರ ಕತೆ ಎಂತ? 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾಯಿತು. ಮುಂದೆ ಕ್ಯಾಸೆಟ್ಟಿನ ಕಾಲ ಬಂತು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮದುವೆ ಮನೆಯಲ್ಲಿ ಯಕ್ಷಗಾನದ ಪದ್ಯವೋ ಪದ್ಯ. ಆ ಪದ್ಯ ಯಾರದು ಎಂದರೆ ಜನ ಥಟ್ಟನೆ ಭಾಗವತರ ಹೆಸರು ಹೇಳುತ್ತಾರೆ. ಮದ್ದಳೆ ಯಾರದು, ಚೆಂಡೆ ಯಾರದು ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಈಗ ಕ್ಯಾಸೆಟ್ ಹೋಗಿ ಮೊಬೈಲ್ ಬಂದಿದೆ. ಎರಡು ನಿಮಿಷದ ತುಣುಕು ಊರೆಲ್ಲ ಸುತ್ತುತ್ತದೆ. ಅದರಲ್ಲೂ ಹಾಡಿದವರ ಹೆಸರುಂಟು, ಬಾರಿಸಿದವರದ್ದು ಇಲ್ಲ.

ಮದ್ದಳೆಗಾರನ ಕೆಲಸ ಸಣ್ಣದೇನಲ್ಲ. ಭಾಗವತರು ಪದ್ಯ ಎಳೆದರೆ ಇವನೂ ಎಳೆಯಬೇಕು, ಓಡಿಸಿದರೆ ಓಡಬೇಕು. ವೇಷದ ಹೆಜ್ಜೆಯ ಮೇಲೆ ಕಣ್ಣು, ಪದ್ಯದ ಮೇಲೆ ಕಿವಿ. ನಡುರಾತ್ರಿ ಇಬ್ಬನಿಗೆ ಚರ್ಮ ಸಡಿಲವಾದರೆ ಬಾರು ಬಿಗಿದು ಮತ್ತೆ ಶ್ರುತಿಗೆ ತರಬೇಕು. ತಿರುಗಾಟವೆಂದರೆ ನವೆಂಬರಿನಿಂದ ಮೇ ತನಕ, ರಾತ್ರಿಯ ಮೇಲೆ ರಾತ್ರಿ. ಕೈಯ ಚರ್ಮ ದಪ್ಪಗಾಗುತ್ತದೆ. ಹೆಸರು ಮಾತ್ರ ದಪ್ಪಕ್ಷರಕ್ಕೆ ಏರುವುದಿಲ್ಲ.

ಎಲ್ಲ ಸಂಘಟಕರೂ ಹೀಗೆ ಅಂತಲ್ಲ. ತಾಳಮದ್ದಳೆಯ ಕರಪತ್ರಗಳಲ್ಲಿ ಹಿಮ್ಮೇಳದವರ ಹೆಸರು ಕಾಣುವುದುಂಟು. ಆದರೆ ಎಷ್ಟೋ ಬಯಲಾಟದ ಕರಪತ್ರಗಳಲ್ಲಿ ಭಾಗವತರ ಒಂದು ಹೆಸರು, ವೇಷಧಾರಿಗಳ ನಾಲ್ಕು ಹೆಸರು, ಆಮೇಲೆ ‘ನುರಿತ ಹಿಮ್ಮೇಳ’ ಎಂಬ ಎರಡು ಶಬ್ದ. ಕೆಳಗೆ ನೋಡಿದರೆ ಐನೂರು ರೂಪಾಯಿ ಕೊಟ್ಟವರ ಹೆಸರೂ ಉಂಟು. ಕೊಟ್ಟವರ ಹೆಸರು ಹಾಕಲಿ, ಬೇಡ ಅನ್ನುವವರಿಲ್ಲ. ಬೆಳಗಿನವರೆಗೆ ಬಾರಿಸಿದವನ ಹೆಸರಿಗೆ ಜಾಗ ಇಲ್ಲವೆಂದರೆ ಮಾತ್ರ ನಂಬುವುದು ಕಷ್ಟ.

ಜನ ಬರುವುದು ಭಾಗವತರ, ವೇಷಧಾರಿಗಳ ಹೆಸರು ನೋಡಿ, ಚೆಂಡೆ ಮದ್ದಳೆ ನೋಡಿ ಅಲ್ಲ ಎನ್ನುವವರಿದ್ದಾರೆ. ಇರಬಹುದು ಮಾರಾಯ್ರೇ. ಹೆಸರೇ ಹೇಳದಿದ್ದರೆ ಜನ ನೋಡುವುದಾದರೂ ಎಲ್ಲಿಂದ? ಇದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ. ಹೆಸರು ತಿಳಿದರೆ ಇನ್ನೊಂದು ಊರಿನವರು ಕರೆಯುತ್ತಾರೆ, ಸಂಭಾವನೆ ಕೇಳುವ ಧೈರ್ಯ ಬರುತ್ತದೆ. ಕಲಿಯುವ ಹುಡುಗನಿಗೆ ಯಾರ ಮನೆ ಬಾಗಿಲು ತಟ್ಟಬೇಕೆಂದು ಗೊತ್ತಾಗುತ್ತದೆ.

ಆಗಬೇಕಾದ್ದು ದೊಡ್ಡ ಕೆಲಸವೂ ಅಲ್ಲ. ಕರಪತ್ರದಲ್ಲಿ ಒಂದು ಸಾಲು. ಆಟ ಶುರುವಾಗುವ ಮೊದಲು ಮೈಕಿನಲ್ಲಿ ಒಂದು ಮಾತು. ರಶೀದಿ ಪುಸ್ತಕ ಹಿಡಿದು ಅಂಗಡಿಗೆ ಬಂದವರನ್ನು ವ್ಯಾಪಾರಿಗಳು ಕೇಳಬೇಕು: “ಮದ್ದಳೆಗೆ ಯಾರು? ಚೆಂಡೆಗೆ ಯಾರು? ಹೆಸರು ಹಾಕಿದ್ದೀರಾ?” ಹಣ ಕೊಡುವವರು ಕೇಳಿದರೆ ಕಮಿಟಿಯವರು ಇಲ್ಲವೆನ್ನಲಾರರು. ಬಸ್ಸಿನಲ್ಲಿ ಕೂತು ತುಣುಕು ಕಳಿಸುವವರು, ಗೊತ್ತಿದ್ದರೆ, ಬಾರಿಸಿದವರ ಹೆಸರನ್ನೂ ಸೇರಿಸಿದರಾಯಿತು.

ಇನ್ನು ಕಾರ್ಕಳದ ಬಸ್ಸು ಹಿರಿಯಡಕದಲ್ಲಿ ನಿಂತಾಗ, ಇಲ್ಲೊಬ್ಬರು ನೂರು ವರ್ಷ ಬಾಳಿದ ಮದ್ದಳೆಗಾರರಿದ್ದರು ಎಂದು ಪಕ್ಕದವರಿಗೆ ಹೇಳಿ. ಅದಕ್ಕೆ ಟಿಕೆಟ್ ಬೇಡ.