ಓಡುವವರ ಫೋಟೋಗೆ ಮುಖ ಮುಖ್ಯ, ಐಎಸ್‌ಓ ಅಲ್ಲ

ಓಟದ ಫೋಟೋ ತೆಗೆಯೋರ ಮಧ್ಯೆ ಒಂಥರಾ ಮಡಿವಂತಿಕೆ ಇದೆ. ಐಎಸ್‌ಓ 800 ದಾಟಬಾರದು! ದಾಟಿದರೆ ಫೋಟೋ ತುಂಬಾ ರವೆ ಚೆಲ್ಲಿದ ಹಾಗೆ ಕಾಳು ಕಾಳು ಕಾಣುತ್ತೆ, ಅದನ್ನೂ ಫೋಟೋ ಅಂತಾರಾ ಅನ್ನೋ ವಾದ. ನಾನು ಹೇಳೋದು ಇದಕ್ಕೆ ಪೂರ್ತಿ ಉಲ್ಟಾ. ರವೆ ಚೆಲ್ಲಿದರೂ ಪರವಾಗಿಲ್ಲ, ಓಡುವವರ ಮುಖ ಕದಡಬಾರದು. ಯಾಕೆ ಅಂತ ಹೇಳ್ತೀನಿ. ನಡುವೆ ಸ್ವಲ್ಪ ಲೆಕ್ಕ ಬರುತ್ತೆ, ಇಂಜಿನಿಯರಿಂಗ್ ಓದಿದವನ ಚಟ, ಸಹಿಸಿಕೊಳ್ಳಿ :)

ನಮ್ಮ ಬೆಂಗಳೂರಿನ ವರ್ಲ್ಡ್ 10ಕೆ ಓಟವನ್ನೇ ತಗೊಳ್ಳಿ. 2008ರಲ್ಲಿ ಶುರುವಾಗಿದ್ದು. 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೇಲಿ ಈ ಹತ್ತು ಕಿಲೋಮೀಟರನ್ನು 27 ನಿಮಿಷ 38 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಅಂದರೆ ಸೆಕೆಂಡಿಗೆ ಹೆಚ್ಚುಕಮ್ಮಿ 6 ಮೀಟರ್. ಇಂಥವರು ನಿಮ್ಮ ಎದುರು ಅಡ್ಡ ಹಾದುಹೋಗುವಾಗ ಶಟರ್ 1/250 ಸೆಕೆಂಡ್ ತೆರೆದಿದ್ದರೆ, ಅಷ್ಟರಲ್ಲೇ ದೇಹ 24 ಮಿಲಿಮೀಟರ್ ಮುಂದೆ ಹೋಗಿರುತ್ತೆ. ಕಾಲಿನ ಕಥೆ ಇನ್ನೂ ಜೋರು. ನೆಲಕ್ಕೆ ಊರಿದ ಪಾದ ನಿಂತಲ್ಲೇ ನಿಂತಿರುತ್ತೆ, ಆ ಬಾಕಿ ತೀರಿಸೋಕೆ ಗಾಳಿಯಲ್ಲಿರೋ ಪಾದ ಒಮ್ಮೊಮ್ಮೆ ದೇಹದ ಎರಡು ಪಟ್ಟು ವೇಗಕ್ಕೆ ಏರುತ್ತೆ. ಅಲ್ಲಿಗೆ ಫೋಟೋದಲ್ಲಿ ಶೂ ಐದು ಸೆಂಟಿಮೀಟರ್ ಉದ್ದಕ್ಕೆ ಬಳಿದುಹೋಯ್ತು! ಅದೇ 1/1000 ಇಟ್ಟರೆ ದೇಹಕ್ಕೆ 6 ಮಿಲಿಮೀಟರ್, ಪಾದಕ್ಕೆ 12. ಇಷ್ಟು ಕಣ್ಣಿಗೆ ಅಷ್ಟೇನೂ ಹೊಡೆಯಲ್ಲ.

ಆದರೆ ಪುಕ್ಕಟೆ ಏನೂ ಸಿಗಲ್ಲ. 1/250ರಿಂದ 1/1000ಕ್ಕೆ ಹೋದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತೆ. ಐಎಸ್‌ಓ 800 ಇದ್ದಿದ್ದು 3200 ಆಗಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಬೆಂಗಳೂರಲ್ಲಿ ಸೂರ್ಯ ಹುಟ್ಟೋದು ಆರು ಗಂಟೆ ಆಸುಪಾಸು. ಬೆಳಗಿನ ಓಟದಲ್ಲಿ, ಅದೂ ಮರದ ನೆರಳಲ್ಲಿ, 6400 ಬೇಕಾದರೂ ಆಶ್ಚರ್ಯವಿಲ್ಲ. ಮಡಿವಂತರು ಹಿಂಜರಿಯೋದು ಇಲ್ಲೇ. ಶಟರ್ ಇಳಿಸಿಬಿಡ್ತಾರೆ.

ನೋಡಿ, ನಾಯ್ಸ್ ಅಂದರೆ ಮಾಹಿತಿಯ ಮೇಲೆ ಕೂತ ಧೂಳು. ಬ್ಲರ್ ಅಂದರೆ ಮಾಹಿತಿಯೇ ಕಳೆದುಹೋಗಿದ್ದು. ಧೂಳು ಒರೆಸೋಕೆ ಇವತ್ತು ಒಳ್ಳೊಳ್ಳೆ ಸಾಫ್ಟ್‌ವೇರ್ ಇವೆ. ಕದಡಿದ ಮುಖವನ್ನೂ ಸರಿಮಾಡ್ತೀವಿ ಅನ್ನೋ ಎಐ ಇದೆಯಲ್ಲ ಅಂತೀರಾ? ಅದು ಊಹೆ ಮಾಡಿ ಬರೆಯೋ ಮುಖ ಆ ಮನುಷ್ಯನದ್ದಲ್ಲ. ಓಡಿದವರಿಗೆ ಬೇಕಾಗಿರೋದು ಅವರದ್ದೇ ಬೆವರು, ಅವರದ್ದೇ ಹಲ್ಲುಕಚ್ಚಿದ ಮುಖ.

ಇನ್ನು ಅಪರ್ಚರ್. 70-200 ಲೆನ್ಸ್ ಇದ್ದೋರಿಗೆಲ್ಲ ಎಫ್/2.8 ಅಂದರೆ ಪ್ರಾಣ. ಹಿನ್ನೆಲೆ ಬೆಣ್ಣೆ ಥರ ಕರಗುತ್ತೆ, ಒಪ್ಪಿದೆ. ಆದರೆ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 200 ಮಿ.ಮೀ.ಗೆ ಇಟ್ಟು ಹತ್ತು ಮೀಟರ್ ದೂರದವರ ಮೇಲೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಬರೋ ಆಳ ಬರೀ 40 ಸೆಂಟಿಮೀಟರ್ ಚಿಲ್ಲರೆ. ಎದುರಿಗೆ ಓಡಿಬರೋ ಕಿಮೇಲಿಯಂಥವರು ಅದನ್ನು ಸೆಕೆಂಡಿನ ಹದಿನಾಲ್ಕನೇ ಒಂದು ಭಾಗದಲ್ಲಿ ದಾಟಿಬಿಡ್ತಾರೆ. ಪಕ್ಕದಲ್ಲಿ ಅರ್ಧ ಹೆಜ್ಜೆ ಹಿಂದಿರೋ ಗೆಳೆಯನ ಮುಖ ಮಂಜು ಮಂಜು. ಅದಕ್ಕೇ ಬೆಳಕು ಬಂದ ಮೇಲೆ ಎಫ್/4 ವಾಸಿ ಅಂತೀನಿ. ಫೋಕಸ್ ಅಂತೂ ಬಿಡದೆ ಹಿಂಬಾಲಿಸೋ ಮೋಡಿನಲ್ಲೇ ಇರಬೇಕು, ಕ್ಯಾನನ್‌ನಲ್ಲಿ ಸರ್ವೋ, ನಿಕಾನ್-ಸೋನಿಯಲ್ಲಿ ಎಎಫ್-ಸಿ.

ಉಳಿದಿದ್ದು ಸುಲಭ. ಕ್ಯಾಮೆರಾ ಮ್ಯಾನ್ಯುಯಲ್‌ನಲ್ಲಿಟ್ಟು 1/1000, ಎಫ್/4 ಅಂತ ಕಟ್ಟಿಹಾಕಿ, ಐಎಸ್‌ಓ ಒಂದನ್ನು ಆಟೋಗೆ ಬಿಡಿ. ನೆರಳಿಂದ ಬಿಸಿಲಿಗೆ ಓಡಿಬಂದಾಗ ಅದು ತಾನೇ ಏರಿಳಿಯಲಿ. ಬಿಳಿ ಟೀ ಶರ್ಟಿನ ಗುಂಪು ಬಂದರೆ ಮೀಟರ್ ಮೋಸಹೋಗಿ ಮುಖ ಕಪ್ಪಾಗಿಸುತ್ತೆ, ಆಗ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಸ್ವಲ್ಪ ಪ್ಲಸ್ ಕಡೆ ತಳ್ಳಿ.

"ಹಾಗಾದ್ರೆ ಪ್ಯಾನಿಂಗ್ ಕಲೆ ಅಲ್ವಾ?" ಅಂತ ಕೇಳೋರಿದ್ದಾರೆ. ಖಂಡಿತಾ ಕಲೆ. 2016ರ ರಿಯೋ ಒಲಿಂಪಿಕ್ಸ್‌ನ 100 ಮೀಟರ್ ಸೆಮಿಫೈನಲ್‌ನಲ್ಲಿ ಉಸೇನ್ ಬೋಲ್ಟ್ ಪಕ್ಕಕ್ಕೆ ತಿರುಗಿ ನಗ್ತಾ ಓಡೋ ಫೋಟೋ ನೀವೂ ನೋಡಿರ್ತೀರಿ. ಕ್ಯಾಮರನ್ ಸ್ಪೆನ್ಸರ್ ಅದನ್ನು ತೆಗೆದಿದ್ದು ನಿಧಾನ ಶಟರ್‌ನಲ್ಲಿ, ಬೋಲ್ಟ್ ಜೊತೆಗೇ ಕ್ಯಾಮೆರಾ ತಿರುಗಿಸ್ತಾ. ಹಿನ್ನೆಲೆ ಗೆರೆ ಗೆರೆ, ಮುಖ ಮಾತ್ರ ಸ್ಪಷ್ಟ. ಅದ್ಭುತ! ಆದರೆ ಗಮನಿಸಿ, ಅಲ್ಲೂ ಆ ಫೋಟೋಗೆ ಜೀವ ಬಂದಿದ್ದು ಮುಖದಿಂದಲೇ. ಪ್ಯಾನಿಂಗ್‌ನಲ್ಲಿ ಹತ್ತಾರು ಫ್ರೇಮ್ ಕೆಟ್ಟರೆ ಒಂದು ಸಿಗುತ್ತೆ. ಬೋಲ್ಟ್‌ಗೆ ಆ ಓಟದಲ್ಲೇ ಇನ್ನೂ ಎಷ್ಟೋ ಕ್ಯಾಮೆರಾ ಕಾದಿದ್ದವು. ಒಬ್ಬರದ್ದು ಕೆಟ್ಟರೆ ಇನ್ನೊಬ್ಬರದ್ದು ಇತ್ತು.

ನನ್ನ ತಕರಾರು ಇರೋದೇ ಇಲ್ಲಿ. ಹತ್ತು ಕಿಲೋಮೀಟರ್‌ಗೆ ಒಂದೂವರೆ ಗಂಟೆ ತಗೊಂಡು, ಉಬ್ಬಸ ಪಡ್ತಾ ಬರೋ ಐವತ್ತೈದರ ಅಮ್ಮನಿಗೆ ಎಷ್ಟು ಕ್ಯಾಮೆರಾ ಕಾದಿರ್ತಾವೆ? ಡಾಕ್ಟರ್ ಹೇಳಿದ್ರು ಅಂತ ನಡಿಗೆ ಶುರುಮಾಡಿ, ಮೊದಲ ಸಲ ಎದೆಗೆ ನಂಬರ್ ಚುಚ್ಚಿಕೊಂಡು ಬಂದೋರಿಗೆ? ಅವರು ಬರೋ ಹೊತ್ತಿಗೆ ದೊಡ್ಡ ಲೆನ್ಸ್‌ಗಳೆಲ್ಲ ಬ್ಯಾಗ್ ಸೇರಿ ಇಡ್ಲಿ-ವಡೆ ಹುಡುಕಿಕೊಂಡು ಹೋಗಿರ್ತಾವೆ. ತಮಾಷೆ ಅಂದರೆ, ಲೆಕ್ಕದ ಪ್ರಕಾರ ಅವರ ಫೋಟೋ ತೆಗೆಯೋದೇ ಸಲೀಸು. ಸೆಕೆಂಡಿಗೆ ಎರಡು ಮೀಟರೂ ಇಲ್ಲ, 1/500 ಸಾಕು. ಬಿಸಿಲೂ ಏರಿರುತ್ತೆ, ಐಎಸ್‌ಓ 200ಕ್ಕೇ ಕೆಲಸ ಆಗುತ್ತೆ. ಮಡಿವಂತರಿಗೂ ಮೈಲಿಗೆ ಆಗಲ್ಲ :) ಟೋಪಿಯ ನೆರಳು ಮುಖದ ಮೇಲೆ ಬೀಳುತ್ತೆ ಅನ್ನೋದೊಂದೇ ತಲೆನೋವು, ಅದಕ್ಕೆ ಮಂಡಿಯೂರಿ ಸ್ವಲ್ಪ ಕೆಳಗಿಂದ ತೆಗೆದರಾಯ್ತು.

ಸೆಟ್ಟಿಂಗ್ ಅನ್ನೋದು ಬರೀ ನಂಬರ್ ಅಲ್ಲ, ಫೋಟೋ ಯಾರಿಗೋಸ್ಕರ ಅನ್ನೋ ತೀರ್ಮಾನ ಅದು. ನಯವಾದ ಫೋಟೋ ನಮ್ಮ ಪೋರ್ಟ್‌ಫೋಲಿಯೋಗೆ, ಸ್ಪಷ್ಟ ಮುಖ ಓಡಿದವರ ಮನೆ ಗೋಡೆಗೆ. ನನ್ನ ಓಟು ಗೋಡೆಗೆ. ಕ್ಯಾಮೆರಾ ಇದ್ದೋರು ಮುಂದಿನ ಓಟದಲ್ಲಿ ಇನ್ನೊಂದು ಗಂಟೆ ಜಾಸ್ತಿ ನಿಂತು ನೋಡಿ. ಏನಂತೀರಾ?